ಮುಪ್ಪಿನ ಕಿವಿ ಮತ್ತು ಹೊಂದುವ ಯಂತ್ರ

ವಯಸ್ಸಾದ ಮೇಲೆ ಕಿವಿ ಮಂದವಾಗುವುದು ಒಳಗಿವಿಯಿಂದ ಶುರುವಾಗುತ್ತದೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡಿರುವ ಕಾಕ್ಲಿಯಾದೊಳಗೆ, ಒಂದೊಂದು ಕಿವಿಗೂ ಸುಮಾರು 15,000 ರೋಮಕೋಶಗಳು ಹುಟ್ಟುವಾಗಲೇ ಇರುತ್ತವೆ. ಸದ್ದಿನ ಅಲುಗಾಟವನ್ನು ನರಕ್ಕೆ ದಾಟಿಸುವುದು ಇವುಗಳ ಕೆಲಸ. ಮನುಷ್ಯರಲ್ಲಿ ಒಮ್ಮೆ ಸತ್ತ ರೋಮಕೋಶ ಮತ್ತೆ ಚಿಗುರುವುದಿಲ್ಲ. ಸುರುಳಿಯ ಬಾಯಿಯ ಬಳಿ ಇರುವ ಕೋಶಗಳು ಸಣ್ಣ, ಕೀಚಲು ದನಿಗಳಿಗೆ ಮೀಸಲು. ಒಳತುದಿಯವು ದಪ್ಪ ದನಿಗಳಿಗೆ. ಸಾಮಾನ್ಯವಾಗಿ ಮೊದಲು ಸಾಯುವುದು ಬಾಯಿಯ ಬಳಿಯವು. ಆದ್ದರಿಂದ ಎಮ್ಮೆಯ ಕೂಗು, ಟ್ರ್ಯಾಕ್ಟರಿನ ಗುಡುಗು, ಗಂಡಸರ ದಪ್ಪ ದನಿ ಬಹಳ ವರ್ಷ ಕೇಳಿಸುತ್ತಲೇ ಇರುತ್ತವೆ. ಮೊಮ್ಮಗಳ ಎಳೆಯ ದನಿ, ಗುಬ್ಬಿಯ ಚಿಲಿಪಿಲಿ, ಒಳಕೋಣೆಯಲ್ಲಿ ಬಡಿದುಕೊಳ್ಳುವ ಫೋನು ಮೊದಲು ಮರೆಯಾಗುತ್ತವೆ.

ಮಾತಿನ ಮೇಲೆ ಇದರ ಪೆಟ್ಟು ವಿಚಿತ್ರವಾಗಿ ಬೀಳುತ್ತದೆ. ಅ, ಆ, ಉ, ಓ ಮುಂತಾದ ಸ್ವರಗಳ ಬಲವೆಲ್ಲ ದಪ್ಪ ದನಿಯಲ್ಲಿದೆ. ಸ, ಶ, ಚ, ತ, ಕ, ಪ ಮುಂತಾದ ವ್ಯಂಜನಗಳ ಗುರುತು ಸಣ್ಣ ದನಿಯಲ್ಲಿದೆ, ಅದೂ ಕ್ಷಣಮಾತ್ರ. ಮಾತಿಗೆ ಜೋರು ಕೊಡುವುದು ಸ್ವರ, ಅರ್ಥವನ್ನು ಬೇರ್ಪಡಿಸುವುದು ವ್ಯಂಜನ. ಹಾಲು, ಸಾಲು, ಕಾಲು, ಪಾಲು ಎಂಬ ನಾಲ್ಕು ಮಾತೂ ಇಂಥ ಕಿವಿಗೆ ಬರಿಯ ‘ಆಲು’ ಆಗಿ ಬಂದು ಮುಟ್ಟುತ್ತವೆ. ‘ಕೇಳ್ಸುತ್ತೆ, ಆದ್ರೆ ಏನಂತ ಗೊತ್ತಾಗಲ್ಲ’ ಎಂದು ಹಿರಿಯರು ಹೇಳುವ ಮಾತು ನೆಪವಲ್ಲ, ರೋಗದ ಸರಿಯಾದ ವರ್ಣನೆ. ಕನ್ನಡಕ್ಕೆ ಇನ್ನೊಂದು ತೊಡಕೂ ಇದೆ. ಈ ಭಾಷೆಯಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಗೆ. ಹೌದೋ ಅಲ್ಲವೋ, ಬಂದವನೋ ಬಂದವಳೋ ಎಂಬುದು ಆ ಪದದ ಬಾಲದಲ್ಲಿರುತ್ತದೆ. ಬರ್ತಾರೆ, ಬರಲ್ಲ, ಬರಬೇಕು, ಬರಬಾರದು ಎಲ್ಲದರ ತಲೆ ಒಂದೇ. ಆಡುವವರ ಉಸಿರು ಇಳಿಯುವುದೂ ದನಿ ತಗ್ಗುವುದೂ ಆ ಬಾಲದಲ್ಲೇ. ಡಾಕ್ಟರು ‘ಈ ಮಾತ್ರೆ ಊಟಕ್ಕೆ ಮುಂಚೆ ತಗೋಬಾರ್ದು’ ಎಂದದ್ದು ‘ತಗೋಬೇಕು’ ಎಂದಾಗಿಬಿಟ್ಟರೆ, ಅದು ಬರಿಯ ಮಾತಿನ ಎಡವಟ್ಟಾಗಿ ಉಳಿಯುವುದಿಲ್ಲ.

ವಯಸ್ಸಿನ ಜೊತೆಗೆ ಬದುಕಿನ ಸದ್ದೂ ಸೇರುತ್ತದೆ. ಬೆಂಗಳೂರು ಗ್ರಾಮಾಂತರದ ಹಿರಿಯರ ಕಿವಿಗಳಲ್ಲಿ ಅವರವರ ಕಸುಬಿನ ಗುರುತಿದೆ. ದೊಡ್ಡಬಳ್ಳಾಪುರದಲ್ಲಿ ಒಂದು ಮನೆಯಂಥ ಶೆಡ್ಡಿನಲ್ಲಿ ವಿದ್ಯುತ್ ಮಗ್ಗಗಳ ನಡುವೆ ನಿಂತು ಮೂವತ್ತು ನಲವತ್ತು ವರ್ಷ ನೇಯ್ದವರು, ಎದುರಿಗಿರುವವನ ತುಟಿ ನೋಡಿಯೇ ಮಾತು ಹಿಡಿಯುವುದನ್ನು ಕಲಿತಿರುತ್ತಾರೆ. ಎಂಟು ಗಂಟೆಯ ಕೆಲಸಕ್ಕೆ 90 ಡೆಸಿಬಲ್ ಮಿತಿ ಎಂದು ಕಾರ್ಖಾನೆ ಕಾನೂನು ಹೇಳುತ್ತದೆ. ಸಾಲುಮಗ್ಗಗಳ ಶೆಡ್ಡು ಆ ಮಿತಿಯನ್ನು ಸುಲಭವಾಗಿ ಮುಟ್ಟುತ್ತದೆ, ದಾಟುತ್ತದೆ. ಹೊಸಕೋಟೆ ತಾಲ್ಲೂಕಿನ ಕಡೆ ಟ್ರ್ಯಾಕ್ಟರು, ಒಕ್ಕಣೆ ಯಂತ್ರ, ಬೋರ್‌ವೆಲ್ ಕೊರೆಯುವ ಲಾರಿ, ಡೀಸೆಲ್ ಪಂಪು ಕಿವಿ ಕೆಡಿಸುವ ಕೆಲಸ ಮಾಡಿವೆ. ಸಕ್ಕರೆ ಕಾಯಿಲೆ ಮತ್ತು ಬೀಡಿ ಸಿಗರೇಟು ಕೋಶಗಳ ಸಾವನ್ನು ಇನ್ನಷ್ಟು ಬೇಗ ತರುತ್ತವೆ.

ಅನುಗೊಂಡನಹಳ್ಳಿ ಹೊಸಕೋಟೆ ತಾಲ್ಲೂಕಿನ ಐದು ಹೋಬಳಿಗಳಲ್ಲಿ ಒಂದರ ಕೇಂದ್ರ. ಸಮೇತನಹಳ್ಳಿ, ಮುತ್ಸಂದ್ರದಂಥ ಊರುಗಳು ಇದರ ವ್ಯಾಪ್ತಿಗೆ ಬರುತ್ತವೆ. ಒಂದು ಕಡೆ ವೈಟ್‌ಫೀಲ್ಡ್ ಊರಿನ ಅಂಚಿಗೇ ಬಂದು ನಿಂತಿದೆ, ಇನ್ನೊಂದು ಕಡೆ ರಾಗಿ, ತರಕಾರಿ, ಹಿಪ್ಪುನೇರಳೆಯ ಹೊಲಗಳು ಇನ್ನೂ ಇವೆ. ಇಂಥ ಹೋಬಳಿಯಲ್ಲಿ ಕಿವಿ ಯಂತ್ರ ಕೊಳ್ಳುವ ಪ್ರಶ್ನೆ ಒಂದೇ ಬೀದಿಯ ಎರಡು ಮನೆಗೆ ಎರಡು ಥರ ಎದುರಾಗುತ್ತದೆ. ಜಮೀನು ಮಾರಿದ ಮನೆಗೆ ಎರಡು ಲಕ್ಷದ ಯಂತ್ರ ತೋರಿಸುವ ಮಾರಾಟಗಾರರಿದ್ದಾರೆ. ಕೂಲಿ ಮಾಡಿ ಬದುಕುವ ಮನೆಗೆ ಸರ್ಕಾರದ ಶಿಬಿರವೇ ದಿಕ್ಕು. ಎರಡೂ ಮನೆಯಲ್ಲಿ ಯಂತ್ರ ಕೊನೆಗೆ ಟ್ರಂಕು ಸೇರುವುದು ಸಾಮಾನ್ಯ, ಮತ್ತು ಕಾರಣ ಹೆಚ್ಚಾಗಿ ಒಂದೇ: ಯಂತ್ರವನ್ನು ಕಿವಿಗೆ ಯಾರೂ ಸರಿಯಾಗಿ ಹೊಂದಿಸಿರುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2021ರ ಮಾರ್ಚ್ 3ರಂದು ಹೊರತಂದ ಶ್ರವಣ ವರದಿಯ ಪ್ರಕಾರ ಜಗತ್ತಿನಲ್ಲಿ ಸುಮಾರು 150 ಕೋಟಿ ಜನರಿಗೆ ಒಂದಲ್ಲ ಒಂದು ಮಟ್ಟದ ಶ್ರವಣ ದೋಷವಿದೆ, ಅವರಲ್ಲಿ 43 ಕೋಟಿ ಜನರಿಗೆ ಚಿಕಿತ್ಸೆಯೋ ಸಾಧನವೋ ಬೇಕೇ ಬೇಕು. ಅರವತ್ತು ದಾಟಿದವರಲ್ಲಿ ನಾಲ್ವರಿಗೊಬ್ಬರಿಗಿಂತ ಹೆಚ್ಚು ಮಂದಿ ಈ ಗುಂಪಿನವರು. ಅದೇ ವರದಿ ದೋಷವನ್ನು ಹೀಗೆ ಅಳೆಯುತ್ತದೆ: 20 ಡೆಸಿಬಲ್‌ಗಿಂತ ಸಣ್ಣ ಸದ್ದೂ ಕೇಳಿದರೆ ಕಿವಿ ಚೆನ್ನಾಗಿದೆ, 20ರಿಂದ 35ರ ಒಳಗೆ ಅಲ್ಪ, 35ರಿಂದ 50ರ ಒಳಗೆ ಮಧ್ಯಮ, 50ರಿಂದ 65ರ ಒಳಗೆ ಮಧ್ಯಮಕ್ಕೂ ಮೇಲಿನದು, ಅಲ್ಲಿಂದಾಚೆಗೆ ತೀವ್ರ. ಎದುರುಬದುರು ಕೂತು ಆಡುವ ಮಾತು ಸುಮಾರು 60 ಡೆಸಿಬಲ್. ಹಿರಿಯರಲ್ಲಿ ಬಹುಪಾಲು ಅಲ್ಪ ಮತ್ತು ಮಧ್ಯಮದ ನಡುವೆ ಇರುವವರು. ಯಂತ್ರದಿಂದ ಹೆಚ್ಚು ಲಾಭ ಪಡೆಯುವವರೂ, ‘ಇಷ್ಟಕ್ಕೆಲ್ಲ ಯಾಕೆ’ ಎಂದು ಮುಂದೂಡುವವರೂ ಇವರೇ.

ಮುಂದೂಡುವುದರಿಂದ ಕೆಡುವುದು ಕಿವಿಯೊಂದೇ ಅಲ್ಲ. ಮಾತು ಹಿಡಿಯಲಾರದವರು ಮದುವೆ, ಜಾತ್ರೆ, ಪಂಚಾಯ್ತಿ ಕಟ್ಟೆ ಒಂದೊಂದನ್ನೇ ಬಿಡುತ್ತಾರೆ. ಲ್ಯಾನ್ಸೆಟ್ ಪತ್ರಿಕೆಯ ಮರೆವಿನ ಕಾಯಿಲೆ ಕುರಿತ ಆಯೋಗ, ತಡೆಯಬಹುದಾದ ಕಾರಣಗಳ ಪಟ್ಟಿಯಲ್ಲಿ ಶ್ರವಣ ದೋಷವನ್ನೂ ಸೇರಿಸಿದೆ. 2023ರಲ್ಲಿ ಪ್ರಕಟವಾದ ಅಮೆರಿಕದ ‘ಅಚೀವ್’ ಪ್ರಯೋಗದಲ್ಲಿ 70ರಿಂದ 84 ವಯಸ್ಸಿನ 977 ಜನ ಪಾಲ್ಗೊಂಡಿದ್ದರು. ಯಂತ್ರ ಮತ್ತು ಸಲಹೆ ಪಡೆದವರಿಗೂ ಪಡೆಯದವರಿಗೂ ಮೂರು ವರ್ಷದಲ್ಲಿ ಒಟ್ಟಾರೆ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲೇ ಅಪಾಯದ ಅಂಚಿನಲ್ಲಿದ್ದ ಗುಂಪಿನಲ್ಲಿ ಬುದ್ಧಿಶಕ್ತಿ ಕುಗ್ಗುವ ವೇಗ ಶೇಕಡಾ 48 ಇಳಿಯಿತು. ‘ಯಂತ್ರ ಹಾಕಿದರೆ ಮರೆವು ಬರುವುದಿಲ್ಲ’ ಎಂಬ ಜಾಹೀರಾತಿಗೆ ಈ ಪ್ರಯೋಗ ಆಧಾರವಾಗದು. ಎಲ್ಲರಿಂದ ದೂರ ಸರಿದು ಕೂತವರನ್ನು ಮತ್ತೆ ಮಾತಿನ ನಡುವೆ ತರಬಲ್ಲದು ಎಂಬುದೇ ಯಂತ್ರ ಕೊಳ್ಳಲು ಸಾಕಷ್ಟು ದೊಡ್ಡ ಕಾರಣ.

ಯಂತ್ರದ ಮಾತಿಗೆ ಮುಂಚೆ ಪರೀಕ್ಷೆ. ಪರೀಕ್ಷೆಗೂ ಮುಂಚೆ ಕಿವಿಯೊಳಗೆ ಇಣುಕುವುದು. ವರ್ಷಗಟ್ಟಲೆ ಕಟ್ಟಿಕೊಂಡ ಗುಗ್ಗೆಯಿಂದಲೇ ಕಿವಿ ಮಂದವಾಗಿರುವುದುಂಟು. ಅದನ್ನು ಆಸ್ಪತ್ರೆಯಲ್ಲಿ ತೆಗೆಸಿದರೆ ಕೆಲಸ ಅಲ್ಲಿಗೇ ಮುಗಿಯಬಹುದು. ಬೆಂಕಿಕಡ್ಡಿ, ಹೇರ್‌ಪಿನ್ನು ಹಾಕಿದರೆ ಗುಗ್ಗೆ ಇನ್ನೂ ಒಳಕ್ಕೆ ಹೋಗುತ್ತದೆ, ಕಿವಿಯ ತಮಟೆ ಹರಿಯುವ ಭಯವೂ ಇದೆ. ಕಿವಿ ಸೋರುತ್ತಿದ್ದರೆ, ಒಂದೇ ಕಡೆ ಮಂದವಾಗಿದ್ದರೆ, ತಲೆ ಸುತ್ತು ಬರುತ್ತಿದ್ದರೆ ಮೊದಲು ಇ.ಎನ್.ಟಿ. ವೈದ್ಯರನ್ನು ಕಾಣಬೇಕು. ರಾತ್ರಿ ಮಲಗುವಾಗ ಚೆನ್ನಾಗಿದ್ದ ಕಿವಿ ಬೆಳಿಗ್ಗೆ ಏಳುವಾಗ ಕೇಳದಂತಾದರೆ ಅದು ತುರ್ತು ಸ್ಥಿತಿ. ಮೊದಲ ಕೆಲವು ದಿನಗಳಲ್ಲಿ ಚಿಕಿತ್ಸೆ ಸಿಕ್ಕಿದರಷ್ಟೇ ಕಿವಿ ಮರಳುವ ಆಸೆ. ಇಂಥದ್ದನ್ನು ‘ವಾರ ನೋಡೋಣ’ ಎನ್ನಲೇಬಾರದು.

ಅನುಗೊಂಡನಹಳ್ಳಿಯವರಿಗೆ ಹತ್ತಿರದ ದಾರಿ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ಹೊಸಕೋಟೆಯ ತಾಲ್ಲೂಕು ಆಸ್ಪತ್ರೆಗೆ. ಹೊಸಕೋಟೆಯಿಂದ ಬೆಂಗಳೂರು ಸುಮಾರು 25 ಕಿಲೋಮೀಟರು. ಅಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಿವೆ, ನಿಮ್ಹಾನ್ಸ್‌ನಲ್ಲಿ ವಾಕ್ ಶ್ರವಣ ವಿಭಾಗವಿದೆ, ಲಿಂಗರಾಜಪುರದಲ್ಲಿ ಡಾ. ಎಸ್.ಆರ್. ಚಂದ್ರಶೇಖರ್ ವಾಕ್ ಮತ್ತು ಶ್ರವಣ ಸಂಸ್ಥೆಯಿದೆ. ದೇಶಕ್ಕೇ ದೊಡ್ಡದಾದ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇರುವುದು ಮೈಸೂರಿನ ಮಾನಸಗಂಗೋತ್ರಿಯಲ್ಲಿ. 1965ರಲ್ಲಿ ಹುಟ್ಟಿದ ಈ ಸಂಸ್ಥೆ ಕೇಂದ್ರ ಆರೋಗ್ಯ ಸಚಿವಾಲಯದ ಅಧೀನದಲ್ಲಿದೆ. ಕಿವಿ ಪರೀಕ್ಷೆಗೆ, ರಿಯಾಯಿತಿ ದರದ ಯಂತ್ರಕ್ಕೆ, ಕಿವಿಯ ಅಚ್ಚಿಗೆ ನಾಡಿನ ಎಲ್ಲ ಮೂಲೆಯಿಂದಲೂ ಜನ ಅಲ್ಲಿಗೆ ಹೋಗುತ್ತಾರೆ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸರ್ಕಾರದ ಸಾಮಾನ್ಯ ಬಸ್ಸುಗಳಲ್ಲಿ ಈ ಪ್ರಯಾಣದ ಖರ್ಚಿಲ್ಲ. ಕಿವಿ ಯಂತ್ರಕ್ಕೆ ಮೂರು ನಾಲ್ಕು ಸಲ ಓಡಾಡಲೇಬೇಕಾದ್ದರಿಂದ ಇದು ಸಣ್ಣ ಅನುಕೂಲವಲ್ಲ. ಗಂಡಸರ ಲೆಕ್ಕದಲ್ಲಿ ಮಾತ್ರ, ಜೊತೆಗೆ ಬರುವ ಮಗನ ಒಂದು ದಿನದ ಕೂಲಿಯೂ ಸೇರಿ, ಬಸ್‌ಚಾರ್ಜು ಯಂತ್ರದ ಬೆಲೆಯ ಒಂದು ಭಾಗವೇ ಆಗಿಬಿಡುತ್ತದೆ.

ಸರಿಯಾದ ಪರೀಕ್ಷೆ ಸದ್ದಿಲ್ಲದ ಕೋಣೆಯಲ್ಲಿ ನಡೆಯುತ್ತದೆ. ಕಿವಿಗೆ ಹೆಡ್‌ಫೋನು ಹಾಕಿ, 250ರಿಂದ 8,000 ಹರ್ಟ್ಸ್‌ವರೆಗೆ ಒಂದೊಂದೇ ಸ್ವರ ಕೇಳಿಸಿ, ಅತಿ ಸಣ್ಣದಾಗಿ ಎಲ್ಲಿ ಕೇಳಿತು ಎಂಬುದನ್ನು ಗೆರೆಕಾಗದದ ಮೇಲೆ ಗುರುತಿಸುತ್ತಾರೆ. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಾಕಾರ. ಈ ಕಾಗದಕ್ಕೆ ಆಡಿಯೋಗ್ರಾಂ ಎಂದು ಹೆಸರು. ಮುಪ್ಪಿನ ಕಿವಿಯ ಗೆರೆ ಎಡದಲ್ಲಿ ಮಟ್ಟವಾಗಿ ಹೊರಟು ಬಲಕ್ಕೆ ಹೋದಂತೆ ಬೆಟ್ಟದ ಇಳಿಜಾರಿನಂತೆ ಜಾರುತ್ತದೆ. ಸ್ವರದ ಪರೀಕ್ಷೆಯಷ್ಟೇ ಸಾಲದು, ಮಾತಿನ ಪರೀಕ್ಷೆಯೂ ಆಗಬೇಕು: ಒಂದೊಂದೇ ಪದ ಹೇಳಿ, ಕೇಳಿದವರಿಂದ ತಿರುಗಿ ಹೇಳಿಸುವುದು. ಕನ್ನಡದ ದನಿಗಳನ್ನು ಹದವಾಗಿ ಹಂಚಿದ ಪದಪಟ್ಟಿಗಳನ್ನು ಮೈಸೂರಿನ ಸಂಸ್ಥೆಯಲ್ಲಿ ಸಿದ್ಧಪಡಿಸಿದ್ದಾರೆ. ಹೊಸಕೋಟೆ ಸೀಮೆಯಲ್ಲಿ ಮನೆಮಾತು ತೆಲುಗೋ ತಮಿಳೋ ಉರ್ದುವೋ ಆಗಿರುವ ಹಿರಿಯರು ಬಹಳ. ಅವರ ಪರೀಕ್ಷೆ ಅವರು ಹಟ್ಟಿಯಲ್ಲಿ ಆಡುವ ಮಾತಿನಲ್ಲೇ ಆಗಬೇಕು. ಪರೀಕ್ಷೆಯ ಕಾಗದ ಹಿರಿಯರ ಸ್ವತ್ತು. ಅದನ್ನು ಕೇಳಿ ಪಡೆದು, ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಂಡರೆ ಎರಡನೇ ಕಡೆ ಬೆಲೆ ವಿಚಾರಿಸುವಾಗ ಮತ್ತೆ ಹಣ ಕೊಡಬೇಕಾಗುವುದಿಲ್ಲ. ಪರೀಕ್ಷೆ ಮಾಡಿದವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿತ ಆಡಿಯಾಲಜಿಸ್ಟ್ ಹೌದೇ ಎಂದು ಕೇಳುವುದರಲ್ಲಿ ಸಂಕೋಚ ಬೇಡ. 1992ರ ಕಾಯ್ದೆಯಿಂದ ಬಂದ ಈ ನೋಂದಣಿಗೆ ಸಂಖ್ಯೆಯಿರುತ್ತದೆ.

ಯಂತ್ರ ಎಷ್ಟೇ ಚಿಕ್ಕದಾದರೂ ಒಳಗೆ ಇರುವುದು ಮೂರು: ಸದ್ದು ಹಿಡಿಯುವ ಮೈಕು, ಅದನ್ನು ತಿದ್ದುವ ಚಿಪ್ಪು, ಕಿವಿಯೊಳಗೆ ಬಿಡುವ ಪುಟ್ಟ ಸ್ಪೀಕರು. ಹಳೆಯ ಜೇಬು ಯಂತ್ರ ಎಲ್ಲ ಸದ್ದನ್ನೂ ಒಂದೇ ಸಮ ಹೆಚ್ಚಿಸುತ್ತಿತ್ತು. ಈಗಿನ ಡಿಜಿಟಲ್ ಯಂತ್ರ ಆಡಿಯೋಗ್ರಾಂ ನೋಡಿ, ಕಡಿಮೆಯಾದ ಕಡೆ ಹೆಚ್ಚು, ಸರಿಯಿರುವ ಕಡೆ ಕಡಿಮೆ ಹೆಚ್ಚಿಸುತ್ತದೆ. ಇದಕ್ಕಿಂತ ಮುಖ್ಯವಾದ ಇನ್ನೊಂದು ಕೆಲಸವೂ ಅದಕ್ಕಿದೆ. ಮುಪ್ಪಿನ ಕಿವಿಗೆ ಸಣ್ಣ ದನಿ ಕೇಳದು, ದೊಡ್ಡ ದನಿ ತಡೆಯದು. ಎರಡರ ನಡುವಿನ ಅಂತರ ಕುಗ್ಗಿರುತ್ತದೆ. ಜಗಲಿಯ ಮೇಲೆ ಕೂತ ಅಜ್ಜಿ ಮೊದಲು ‘ಏನು?’ ಎನ್ನುತ್ತಾಳೆ, ಸೊಸೆ ಅಡುಗೆಮನೆಯಿಂದ ಎರಡನೇ ಸಲ ಕೂಗಿದಾಗಲೂ ‘ಏನು?’ ಎನ್ನುತ್ತಾಳೆ, ಮೂರನೇ ಸಲಕ್ಕೆ ‘ಯಾಕಮ್ಮ ಹಂಗೆ ಕಿರುಚ್ತೀಯ, ನಂಗೇನು ಕೆಪ್ಪಾ?’ ಎಂದು ಸಿಟ್ಟಾಗುತ್ತಾಳೆ. ಮೂರೂ ಉತ್ತರ ನಿಜ. ಸಣ್ಣ ದನಿಯನ್ನು ಎತ್ತಿ, ದೊಡ್ಡ ದನಿಯನ್ನು ಕಟ್ಟೆ ಹಾಕಿ ನಿಲ್ಲಿಸುವುದು ಒಳ್ಳೆಯ ಯಂತ್ರದ ಲಕ್ಷಣ. ಕೆಲವೇ ನೂರು ರೂಪಾಯಿಗೆ ಸಂತೆಯಲ್ಲಿ, ಫೋನಿನಲ್ಲಿ ಸಿಗುವ ‘ಕಿವಿ ಮಿಷನ್’ ಎಂಬ ಧ್ವನಿವರ್ಧಕಗಳಲ್ಲಿ ಹೆಚ್ಚಿನವಕ್ಕೆ ಈ ಕಟ್ಟೆಯೇ ಇಲ್ಲ. ಪಾತ್ರೆ ಬಿದ್ದರೆ ಸಿಡಿಲು ಬಡಿದಂತಾಗಿ, ಇಂಥದ್ದನ್ನು ಹಾಕಿದವರು ಮುಂದೆ ಒಳ್ಳೆಯ ಯಂತ್ರವನ್ನೂ ನಂಬದ ಹಾಗಾಗುತ್ತಾರೆ.

ಆಕಾರದ ಆಯ್ಕೆಯಲ್ಲಿ ಎಲ್ಲರ ಕಣ್ಣೂ ಹೋಗುವುದು ಕಾಣದಂತೆ ಕಿವಿಯೊಳಗೆ ಕೂರುವ ಪುಟ್ಟ ಯಂತ್ರದ ಕಡೆಗೆ. ಎಪ್ಪತ್ತು ದಾಟಿದವರಿಗೆ ಸಾಮಾನ್ಯವಾಗಿ ಅದು ತಪ್ಪು ಆಯ್ಕೆ. ಅದರ ಸೆಲ್ಲು ಮೆಂತ್ಯದ ಕಾಳಿಗಿಂತ ಅಷ್ಟೇನೂ ದೊಡ್ಡದಲ್ಲ; ಬೆರಳು ನಡುಗುವವರು, ಕಣ್ಣಿಗೆ ಪೊರೆ ಬಂದವರು, ಗಂಟುನೋವಿನವರು ಅದನ್ನು ಬದಲಾಯಿಸಲಾರರು. ಬೆವರಿಗೂ ಗುಗ್ಗೆಗೂ ಅದು ಬೇಗ ಕೆಡುತ್ತದೆ. ಕಿವಿಯ ಹಿಂದೆ ಕೂರುವ ಯಂತ್ರ ಹಿಡಿಯಲು ಸಿಗುತ್ತದೆ, ಕೆಟ್ಟರೆ ರಿಪೇರಿಯಾಗುತ್ತದೆ, ಕಿವಿ ಇನ್ನಷ್ಟು ಮಂದವಾದರೆ ಅದೇ ಯಂತ್ರದ ದನಿಯನ್ನು ಏರಿಸಿಕೊಳ್ಳಬಹುದು. ಕನ್ನಡಕದ ಕಡ್ಡಿಯೂ ಅದೇ ಜಾಗದಲ್ಲಿರುವುದರಿಂದ, ಕನ್ನಡಕ ಹಾಕಿಕೊಂಡೇ ಹಾಕಿ ತೆಗೆದು ನೋಡಬೇಕು. ತೀರ ಕೈಲಾಗದವರಿಗೆ, ಹಾಸಿಗೆ ಹಿಡಿದವರಿಗೆ ದೊಡ್ಡ ಗುಂಡಿಯಿರುವ ಜೇಬು ಯಂತ್ರವೇ ವಾಸಿ. ಹಳೆಯದೆಂದು ಅದನ್ನು ಹೀಗಳೆಯಬೇಕಾಗಿಲ್ಲ.

ಸೆಲ್ಲಿನ ವಿಷಯ ಅಂಗಡಿಯಲ್ಲಿ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಮನೆಯಲ್ಲಿ ಐದು ವರ್ಷ ನಡೆಯುತ್ತದೆ. ಕಿವಿ ಯಂತ್ರದ ಗುಂಡಿ ಸೆಲ್ಲುಗಳು ಸತುವು ಮತ್ತು ಗಾಳಿಯಿಂದ ಕೆಲಸ ಮಾಡುತ್ತವೆ. ಬೆನ್ನಿಗೆ ಅಂಟಿಸಿದ ಬಣ್ಣದ ಚೀಟಿ ಕಿತ್ತೊಡನೆ ಸಣ್ಣ ರಂಧ್ರಗಳಿಂದ ಗಾಳಿ ಒಳಹೋಗಿ ವಿದ್ಯುತ್ತು ಹುಟ್ಟುತ್ತದೆ. ಒಮ್ಮೆ ಕಿತ್ತ ಮೇಲೆ ಮತ್ತೆ ಅಂಟಿಸಿದರೂ ಸೆಲ್ಲು ಪೂರ್ತಿ ಮಲಗುವುದಿಲ್ಲ. ಚೀಟಿ ಕಿತ್ತು, ಅಂಗೈ ಮೇಲೆ ಒಂದೆರಡು ನಿಮಿಷ ಗಾಳಿಗಿಟ್ಟು, ಆಮೇಲೆ ಹಾಕಿದರೆ ಹೆಚ್ಚು ದಿನ ಬಾಳುತ್ತದೆ. ಅಳತೆಗೊಂದು ಬಣ್ಣ, ಜಗತ್ತಿನೆಲ್ಲೆಡೆ ಅದೇ: 10ಕ್ಕೆ ಹಳದಿ, 312ಕ್ಕೆ ಕಂದು, 13ಕ್ಕೆ ಕಿತ್ತಳೆ, 675ಕ್ಕೆ ನೀಲಿ. ಓದು ಬಾರದ ಅಜ್ಜಿಯೂ ಬಣ್ಣ ತೋರಿಸಿ ಸೆಲ್ಲು ತರಿಸಿಕೊಳ್ಳಬಹುದು. ಕಂದು ಸೆಲ್ಲು ಸುಮಾರು ಒಂದು ವಾರ, ಕಿತ್ತಳೆ ಹತ್ತು ಹನ್ನೆರಡು ದಿನ, ನೀಲಿ ಅದಕ್ಕೂ ಹೆಚ್ಚು ಬರುತ್ತದೆ. ಚಾರ್ಜು ಮಾಡುವ ಯಂತ್ರಗಳಲ್ಲಿ ಈ ತಾಪತ್ರಯವಿಲ್ಲ. ಕರೆಂಟು ಹೋಗಿ ಬರುವ ಊರಿನಲ್ಲಿ ಮಾತ್ರ ಯೋಚಿಸಬೇಕಾಗುತ್ತದೆ, ಒಳಗಿನ ಬ್ಯಾಟರಿ ಕೆಲವು ವರ್ಷಕ್ಕೆ ಸೋತಾಗ ಬದಲಿಸುವ ಖರ್ಚೂ ಇದೆ. ಯಾವ ಸೆಲ್ಲೇ ಆದರೂ ಮಗುವಿನ ಕೈಗೆ ಸಿಗಬಾರದು. ನುಂಗಿದರೆ ಅನ್ನನಾಳ ಸುಡುತ್ತದೆ, ಪ್ರಾಣಕ್ಕೇ ಅಪಾಯ.

ಯಂತ್ರದ ಅರ್ಧ ಗುಣ ಕಿವಿಯ ಅಚ್ಚಿನಲ್ಲಿದೆ. ಒಳಗಿವಿಯ ಕಡೆಗೆ ದಾರ ಕಟ್ಟಿದ ಹತ್ತಿಯ ತುಣುಕನ್ನು ತಡೆಯಾಗಿ ಇಟ್ಟು, ಕಲಸಿದ ಚಪಾತಿ ಹಿಟ್ಟಿನಷ್ಟು ಮೆತ್ತಗಿನ ಪೇಸ್ಟನ್ನು ಸಿರಿಂಜಿನಲ್ಲಿ ತುಂಬುತ್ತಾರೆ. ಐದಾರು ನಿಮಿಷದಲ್ಲಿ ಅದು ಗಟ್ಟಿಯಾಗಿ, ಆ ಒಬ್ಬರ ಆ ಒಂದು ಕಿವಿಯ ಪಡಿಯಚ್ಚಾಗಿ ಹೊರಬರುತ್ತದೆ. ಅದರಿಂದ ಮಾಡಿದ ಅಚ್ಚು ಸಡಿಲವಾದರೆ ಸ್ಪೀಕರಿನ ದನಿ ಹೊರಗೆ ಸೋರಿ ಮತ್ತೆ ಮೈಕಿಗೆ ಸೇರುತ್ತದೆ, ಯಂತ್ರ ಕುಯ್ಯೋ ಎಂದು ಕೂಗುತ್ತದೆ. ಅಲ್ಪ ದೋಷದವರಿಗೆ ರಬ್ಬರಿನ ಟೋಪಿ ಸಾಕು. ಮಧ್ಯಮ ದಾಟಿದವರಿಗೆ ಅಚ್ಚೇ ಬೇಕು. ಉಚಿತವಾಗಿ ಸಿಕ್ಕ ಯಂತ್ರ ಕೂಗುತ್ತದೆಂದು ಬಿಟ್ಟವರು ಹತ್ತಿರದ ಶ್ರವಣ ಕೇಂದ್ರದಲ್ಲಿ ಸ್ವಂತ ಅಚ್ಚು ಮಾಡಿಸಿಕೊಂಡು ಮತ್ತೊಮ್ಮೆ ಹಾಕಿ ನೋಡುವುದು ಒಳ್ಳೆಯದು. ಅಚ್ಚಿನ ಬೆಲೆ ಯಂತ್ರದ ಬೆಲೆಯ ಸಣ್ಣ ಪಾಲು.

ಭಾರತದ ಮಾರುಕಟ್ಟೆಯಲ್ಲಿ ಸಾದಾ ಡಿಜಿಟಲ್ ಯಂತ್ರ ಒಂದು ಕಿವಿಗೆ ಸುಮಾರು 10,000ದಿಂದ 20,000 ರೂಪಾಯಿ. ಮೇಲ್ದರ್ಜೆಯವು ಲಕ್ಷ ದಾಟುತ್ತವೆ. ಕಿವಿ ಯಂತ್ರಕ್ಕೆ ಜಿ.ಎಸ್.ಟಿ. ಇಲ್ಲ, ಬಿಲ್ಲಿನಲ್ಲಿ ಅದನ್ನು ಸೇರಿಸಿದ್ದರೆ ಪ್ರಶ್ನಿಸಬೇಕು. ದರ್ಜೆ ಏರಿದಂತೆ ಚಾನೆಲ್ಲುಗಳ ಸಂಖ್ಯೆ, ಗದ್ದಲ ತಗ್ಗಿಸುವ ಜಾಣ್ಮೆ, ಫೋನಿಗೆ ಬ್ಲೂಟೂತ್ ಜೋಡಣೆ ಏರುತ್ತವೆ. ಹಣಕ್ಕೆ ತಕ್ಕಂತೆ ಕೇಳುವುದೂ ಏರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅಮೆರಿಕದ ಮೆಂಫಿಸ್ ವಿಶ್ವವಿದ್ಯಾಲಯದ ರಾಬಿನ್ ಕಾಕ್ಸ್ ಮತ್ತು ಸಂಗಡಿಗರು ಇದನ್ನೇ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. ಅಲ್ಪ ಮತ್ತು ಮಧ್ಯಮ ದೋಷದ 25 ಹಿರಿಯರಿಗೆ ಸಾದಾ ಯಂತ್ರವನ್ನೂ ದುಬಾರಿ ಯಂತ್ರವನ್ನೂ ಯಾವುದೆಂದು ತಿಳಿಸದೆ, ಒಂದಾದ ಮೇಲೊಂದರಂತೆ, ಅಷ್ಟೇ ಮುತುವರ್ಜಿಯಿಂದ ಹೊಂದಿಸಿ ಕೊಟ್ಟರು. ಮಾತು ತಿಳಿಯುವುದರಲ್ಲಾಗಲಿ ದಿನದ ಬದುಕಿನಲ್ಲಾಗಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ, ಎರಡರಿಂದಲೂ ಲಾಭವಾಯಿತು. ಅಧ್ಯಯನ ಚಿಕ್ಕದು ನಿಜ. ಆದರೂ ಹೊಲ ಅಡವಿಟ್ಟು ಮೇಲ್ದರ್ಜೆಯ ಯಂತ್ರ ಕೊಳ್ಳಲು ಹೊರಟವರು ಇದನ್ನು ತಿಳಿದಿರಬೇಕು. ಹದವಾಗಿ ಹೊಂದಿಸಿದ 15,000 ರೂಪಾಯಿಯ ಯಂತ್ರ, ಕಾರ್ಖಾನೆಯಿಂದ ಬಂದಂತೆಯೇ ಕಿವಿಗೆ ತಗುಲಿಸಿದ ಒಂದೂವರೆ ಲಕ್ಷದ ಯಂತ್ರಕ್ಕಿಂತ ಮೇಲು.

ಎರಡೂ ಕಿವಿ ಮಂದವಾಗಿದ್ದರೆ ಎರಡಕ್ಕೂ ಯಂತ್ರ ಹಾಕಿದಾಗಲೇ ದನಿ ಯಾವ ದಿಕ್ಕಿನದೆಂದು ತಿಳಿಯುತ್ತದೆ, ಗದ್ದಲದಲ್ಲಿ ಮಾತು ಬಿಡಿಸಿಕೊಳ್ಳುವುದು ಸುಲಭವಾಗುತ್ತದೆ. ರಸ್ತೆ ದಾಟುವಾಗ ಲಾರಿ ಯಾವ ಕಡೆಯದೆಂದು ತಿಳಿಯುವುದು ಹಳೇ ಮದ್ರಾಸ್ ರಸ್ತೆಯ ಬದಿಯ ಊರಿನವರಿಗೆ ಜೀವದ ಮಾತು. 60,000ದ ಒಂದರ ಬದಲು 20,000ದ ಎರಡು ಕೊಳ್ಳುವುದು ಬಹುಮಟ್ಟಿಗೆ ಸರಿಯಾದ ನಿರ್ಧಾರ. ಒಂದನ್ನೇ ಕೊಳ್ಳಬಲ್ಲವರು ಯಾವ ಕಿವಿಗೆ ಎಂಬುದನ್ನು ಮಾತಿನ ಪರೀಕ್ಷೆಯ ಅಂಕಿಗಳ ಮೇಲೆ ತೀರ್ಮಾನಿಸಬೇಕು. ಹಣ ಕೊಡುವ ಮುಂಚೆ ಕೇಳಿ ಬರೆಸಿಕೊಳ್ಳಬೇಕಾದ ಮಾತುಗಳೂ ಇವೆ: ಮನೆಗೆ ಒಯ್ದು ನೋಡಲು ಎಷ್ಟು ದಿನ, ಬೇಡವಾದರೆ ಎಷ್ಟು ಹಣ ವಾಪಸ್ಸು, ವಾರಂಟಿ ಎಷ್ಟು ವರ್ಷ, ದನಿ ತಿದ್ದಿಸಲು ಬಂದಾಗೆಲ್ಲ ಹಣವೇ, ರಿಪೇರಿ ಎಲ್ಲಿ. ಯಂತ್ರದ ಕ್ರಮಸಂಖ್ಯೆ ಬಿಲ್ಲಿನಲ್ಲಿರಬೇಕು. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ.

ಕೈಯಿಂದ ಹಣ ಹಾಕಲಾರದವರಿಗೆ ಇರುವ ಮುಖ್ಯ ದಾರಿ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ. 2017ರಲ್ಲಿ ಶುರುವಾದ ಇದರಲ್ಲಿ 60 ದಾಟಿದ ಬಡವರಿಗೆ ಊರುಗೋಲು, ಕನ್ನಡಕ, ಹಲ್ಲಿನ ಸೆಟ್ಟು, ಗಾಲಿಕುರ್ಚಿಗಳ ಜೊತೆ ಕಿವಿ ಯಂತ್ರವನ್ನೂ ಉಚಿತವಾಗಿ ಕೊಡುತ್ತಾರೆ. ಬಡತನ ರೇಖೆಯ ಕೆಳಗಿನವರು, ಅಥವಾ ತಿಂಗಳ ವರಮಾನ 15,000 ರೂಪಾಯಿ ಮೀರದವರು ಅರ್ಹರು. ಸಾಧನ ಒದಗಿಸುವುದು ಕಾನ್ಪುರದ ಅಲಿಂಕೋ ಎಂಬ ಸರ್ಕಾರಿ ಉದ್ಯಮ. ಒಂದು ವರ್ಷ ರಿಪೇರಿಯೂ ಉಚಿತ. ಮೊದಲು ತಪಾಸಣಾ ಶಿಬಿರ, ಕೆಲವು ಕಾಲದ ಮೇಲೆ ವಿತರಣಾ ಶಿಬಿರ. ಆಧಾರ್, ಪಡಿತರ ಚೀಟಿ ಅಥವಾ ವರಮಾನ ಪತ್ರ ಇಟ್ಟುಕೊಂಡಿರಬೇಕು. ಎರಡನೆಯದು ಅಂಗವಿಕಲರಿಗೆ ಸಾಧನ ಕೊಡುವ ಅಡಿಪ್ ಯೋಜನೆ. ತಿಂಗಳ ವರಮಾನ 22,500 ರೂಪಾಯಿಯವರೆಗೆ ಪೂರ್ತಿ, 30,000ದವರೆಗೆ ಅರ್ಧ ನೆರವು. ಆದರೆ ಶೇಕಡಾ 40 ಅಂಗವೈಕಲ್ಯದ ಪ್ರಮಾಣಪತ್ರ ಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ‘ಮಂದ ಶ್ರವಣ’ ಎನ್ನಿಸಿಕೊಳ್ಳಲು ಎರಡೂ ಕಿವಿಯಲ್ಲಿ 60ರಿಂದ 70 ಡೆಸಿಬಲ್ ದೋಷವಿರಬೇಕು. ಎರಡೂ ಕಿವಿ 50 ಡೆಸಿಬಲ್‌ಗೆ ಇಳಿದ ಹಿರಿಯರು ಎದುರಿಗೆ ಕೂತವರ ಮಾತನ್ನೇ ಅರ್ಧಕ್ಕರ್ಧ ಕಳೆದುಕೊಳ್ಳುತ್ತಾರೆ, ಆದರೂ ಕಾಯ್ದೆಯ ಲೆಕ್ಕಕ್ಕೆ ಬರುವುದಿಲ್ಲ. ಮುಪ್ಪಿನ ಕಿವುಡಿನ ಬಹುಪಾಲು ಈ ಸಂದಿಯಲ್ಲಿ ಸಿಕ್ಕಿಕೊಂಡಿದೆ, ಇದು ನ್ಯಾಯವಲ್ಲ. ಅವರಿಗೆ ವಯೋಶ್ರೀಯೊಂದೇ ಗತಿ. ನಿವೃತ್ತ ಕೇಂದ್ರ ನೌಕರರಿಗೆ ಸಿ.ಜಿ.ಎಚ್.ಎಸ್., ಮಾಜಿ ಸೈನಿಕರಿಗೆ ಇ.ಸಿ.ಎಚ್.ಎಸ್. ಮಿತಿಯೊಳಗೆ ಹಣ ಮರಳಿಸುತ್ತವೆ. ಕೊಳ್ಳುವ ಮುಂಚೆಯೇ ಅನುಮತಿ ಪಡೆದಿರುವುದು ಕ್ಷೇಮ. ಶಿಬಿರ, ಪಿಂಚಣಿ, ಅರ್ಜಿಗಳ ಮಾಹಿತಿಗೆ ಹಿರಿಯರ ಸಹಾಯವಾಣಿ 14567ಕ್ಕೆ ಕರೆ ಮಾಡಬಹುದು.

ಉಚಿತ ಯಂತ್ರಕ್ಕೂ ಖರ್ಚಿದೆ. ಆರು ಸೆಲ್ಲುಗಳ ಒಂದು ಪಟ್ಟಿಗೆ ಸುಮಾರು 200ರಿಂದ 300 ರೂಪಾಯಿ; ಎರಡು ಕಿವಿಗೆ ತಿಂಗಳಿಗೆ ಒಂದು ಪಟ್ಟಿ ಬೇಕು. ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಅದರಲ್ಲಿ ಐದನೇ ಒಂದು ಭಾಗ ಬರೀ ಸೆಲ್ಲಿಗೆ ಹೋಗಬೇಕೆಂದರೆ ಬಿ.ಪಿ. ಮಾತ್ರೆಯೋ ಸೆಲ್ಲೋ ಎಂಬ ಪ್ರಶ್ನೆ ಏಳುತ್ತದೆ, ಮತ್ತು ಗೆಲ್ಲುವುದು ಮಾತ್ರೆ. ಬ್ರಿಟನ್ನಿನಲ್ಲಿ 1948ರಿಂದಲೂ ರಾಷ್ಟ್ರೀಯ ಆರೋಗ್ಯ ಸೇವೆ ಕಿವಿ ಯಂತ್ರವನ್ನು ಉಚಿತವಾಗಿ ಕೊಡುತ್ತಿದೆ. ಸೆಲ್ಲೂ ತಿದ್ದುಪಡಿಯೂ ಅದರೊಳಗೇ ಸೇರಿವೆ. ಸ್ವಂತ ಹಣದಿಂದ ಕೊಳ್ಳುವವರೂ ತಿಂಗಳ ಲೆಕ್ಕದಲ್ಲೇ ನೋಡುವುದು ಮೇಲು. ಯಂತ್ರದ ಬಾಳಿಕೆ ಸುಮಾರು ಐದು ವರ್ಷ. 30,000ದ ಜೋಡಿಗೆ ತಿಂಗಳಿಗೆ 500, ಸೆಲ್ಲಿಗೆ 250, ಒಟ್ಟು 750 ರೂಪಾಯಿ. ಇಷ್ಟನ್ನು ಮಕ್ಕಳು ಹಂಚಿಕೊಂಡರೆ ಮನೆಗೆ ಹೊರೆಯೆನಿಸದು.

ಹಾಕಿದ ಮೊದಲ ದಿನ ಯಾರಿಗೂ ಹಿತವಾಗುವುದಿಲ್ಲ. ಸ್ವಂತ ದನಿ ಕೊಡದೊಳಗಿಂದ ಬಂದಂತೆ, ಪೊರಕೆ ಸದ್ದು ಮಳೆ ಸುರಿದಂತೆ, ತಟ್ಟೆಗೆ ಲೋಟ ತಗುಲಿದ್ದು ಗಂಟೆ ಬಡಿದಂತೆ ಕೇಳುತ್ತದೆ. ಹತ್ತು ವರ್ಷ ಈ ಸದ್ದುಗಳನ್ನು ಮರೆತ ಮಿದುಳಿಗೆ ಅವನ್ನು ಮತ್ತೆ ವಿಂಗಡಿಸಲು ವಾರಗಳೇ ಬೇಕು. ಮೊದಲು ಮನೆಯೊಳಗೆ ದಿನಕ್ಕೆ ಒಂದೆರಡು ಗಂಟೆ, ಒಬ್ಬರ ಜೊತೆ ಮಾತು, ಆಮೇಲೆ ಟಿ.ವಿ., ಜಗಲಿ, ಕಡೆಗೆ ಸಂತೆ, ಮದುವೆಮನೆ. ಮೊದಲ ದಿನವೇ ಛತ್ರಕ್ಕೆ ಹಾಕಿಕೊಂಡು ಹೋದವರು ಅಲ್ಲೇ ಕಿತ್ತು ಜೇಬಿಗಿಡುತ್ತಾರೆ. ಮನೆಯವರ ಪಾಲೂ ಇದೆ: ಹಿಂದಿನಿಂದ ಕೂಗದೆ ಎದುರಿಗೆ ಬಂದು, ಮುಖಕ್ಕೆ ಬೆಳಕು ಬೀಳುವಂತೆ ನಿಂತು, ನಿಧಾನವಾಗಿ, ವಾಕ್ಯದ ಬಾಲ ನುಂಗದೆ ಹೇಳುವುದು. ರಾತ್ರಿ ಯಂತ್ರದ ಸೆಲ್ಲಿನ ಬಾಗಿಲು ತೆರೆದು, ತೇವ ಹೀರುವ ಹರಳಿನ ಡಬ್ಬಿಯಲ್ಲಿಟ್ಟರೆ ಮುಂಗಾರಿನಲ್ಲೂ ಕೆಡುವುದಿಲ್ಲ. ಅಚ್ಚನ್ನು ಬಿಡಿಸಿ ವಾರಕ್ಕೊಮ್ಮೆ ಉಗುರುಬೆಚ್ಚನೆ ಸೋಪುನೀರಿನಲ್ಲಿ ತೊಳೆಯಬಹುದು. ಯಂತ್ರಕ್ಕೆ ಮಾತ್ರ ನೀರು ತಾಕಬಾರದು.

ಎರಡು ವಾರದ ಮೇಲೆ, ತಿಂಗಳ ಮೇಲೆ, ಆರು ತಿಂಗಳ ಮೇಲೆ ಹಿಂದಿರುಗಿ ಹೋಗಿ ‘ಇದು ಕೇಳ್ತು, ಇದು ಕೇಳ್ಲಿಲ್ಲ, ಇದು ಚುಚ್ಚುತ್ತೆ’ ಎಂದು ಹೇಳಿ ದನಿಯನ್ನು ತಿದ್ದಿಸಿಕೊಂಡಾಗಲೇ ಯಂತ್ರ ಕಿವಿಗೆ ಹೊಂದುವುದು. ಶಿಬಿರದ ಯಂತ್ರ ಸೋಲುವುದು ಈ ಹಂತದಲ್ಲಿ. ಕೊಡುವ ದಿನ ವೇದಿಕೆಯಿದೆ, ಫೋಟೋ ಇದೆ; ಎರಡು ವಾರದ ಮೇಲೆ ಕಿವಿ ಚುಚ್ಚಿದಾಗ ಹೋಬಳಿಯಲ್ಲಿ ಕೇಳುವವರಿಲ್ಲ. 2007ರಲ್ಲಿ ಶುರುವಾದ ರಾಷ್ಟ್ರೀಯ ಕಿವುಡುತನ ತಡೆ ಮತ್ತು ನಿಯಂತ್ರಣ ಕಾರ್ಯಕ್ರಮ ಜಿಲ್ಲಾ ಆಸ್ಪತ್ರೆಯ ಮಟ್ಟದಲ್ಲಿ ಆಡಿಯಾಲಜಿ ಸೇವೆಯನ್ನು ಬಯಸುತ್ತದೆ. ಎಪ್ಪತ್ತೈದು ವರ್ಷದವರಿಗೆ ಜಿಲ್ಲಾ ಆಸ್ಪತ್ರೆಯೂ ದೂರವೇ. ಹೋಬಳಿಯ ಆರೋಗ್ಯ ಕೇಂದ್ರಕ್ಕೆ ತಿಂಗಳಿಗೆ ಒಂದು ದಿನ, ಒಂದು ಲ್ಯಾಪ್‌ಟಾಪು ಮತ್ತು ಅಚ್ಚಿನ ಪೇಸ್ಟು ಹಿಡಿದು ಒಬ್ಬ ಆಡಿಯಾಲಜಿಸ್ಟ್ ಬಂದು ಕೂತರೆ ಟ್ರಂಕು ಸೇರಿದ ಎಷ್ಟೋ ಯಂತ್ರಗಳು ಕಿವಿಗೆ ಮರಳುತ್ತವೆ.

ಇದು ಆಗದ ಮಾತಲ್ಲ. ಮೈಸೂರಿನ ಸಂಸ್ಥೆ ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳು, ನಂಜನಗೂಡು ತಾಲ್ಲೂಕಿನ ಹುಲ್ಲಹಳ್ಳಿ, ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಆರೋಗ್ಯ ಕೇಂದ್ರಗಳಲ್ಲಿ ವಾಕ್ ಶ್ರವಣ ಸೇವೆಯ ಹೊರಕೇಂದ್ರಗಳನ್ನು ನಡೆಸಿಕೊಂಡು ಬಂದಿದೆ. ಅಕ್ಕಿಹೆಬ್ಬಾಳು, ಹುಲ್ಲಹಳ್ಳಿಗಳೂ ಅನುಗೊಂಡನಹಳ್ಳಿಯಂತೆ ಹೋಬಳಿ ಕೇಂದ್ರಗಳೇ.